ಬೈಗುಳದ ಪಾಲು

ಪಕ್ಕದ ಮನೆಯ ಸೀರೆ ಕಂಡು ಹೊಟ್ಟೆ ಉರಿದುಕೊಳ್ಳುವವರಿದ್ದಾರೆ, ನೆಂಟರ ಮಗಳಿಗೆ ಬಂದ ಸಂಬಂಧ ಕಂಡು ಉರಿದುಕೊಳ್ಳುವವರೂ ಇದ್ದಾರೆ. ರೂಪಾಲಿಯ ಹೊಟ್ಟೆ ಉರಿಯುತ್ತಿದ್ದದ್ದು ಭಾಗ್ಯಾಳಿಗೆ ಬೀಳುತ್ತಿದ್ದ ಬೈಗುಳ ಕಂಡು. ನಗಬೇಡಿ. ಒಂದು ಬೈಗುಳಕ್ಕಾಗಿ ವರ್ಷಗಟ್ಟಲೆ ಕಾದವರಿಗೆ ಮಾತ್ರ ಅದರ ಬೆಲೆ ಗೊತ್ತು.

ಚಿಕ್ಕೋಡಿಯ ಆ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಪಿಎಚ್‌.ಡಿ.ಗೆ ಗೈಡ್ ಅಂತ ಇದ್ದವರು ಸತ್ತೆಪ್ಪ ಸರ್ ಒಬ್ಬರೇ. ಅವರದು ಪ್ರಯೋಗಾಲಯದ ಕೆಲಸವಲ್ಲ, ಬರೀ ಹಲಗೆ ಮತ್ತು ಸೀಮೆಸುಣ್ಣ. ಆಕಾಶದ ಕಪ್ಪುಕುಳಿಯೊಂದನ್ನು ಚೂರು ಅಲುಗಿಸಿದರೆ ಅದು ಮತ್ತೆ ತಣ್ಣಗಾಗುತ್ತದೆಯೋ, ಇಲ್ಲ ರೇಗುತ್ತಲೇ ಹೋಗುತ್ತದೆಯೋ ಎಂಬ ಲೆಕ್ಕ. ಅವರ ಕೈಕೆಳಗೆ ಇದ್ದದ್ದು ಇಬ್ಬರೇ ಹುಡುಗಿಯರು. ರೂಪಾಲಿ ಹಿರಿಯಳು, ಕಾಗವಾಡದ ಕಡೆಯ ದ್ರಾಕ್ಷಿ ತೋಟದ ಮುರಗೆಪ್ಪನ ಮಗಳು. ಅವಳ ಪ್ರಬಂಧ ಮುಂದಿನ ತಿಂಗಳು ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಭಾಗ್ಯಾ ಆಮೇಲೆ ಬಂದವಳು, ದಿಗ್ಗೇವಾಡಿಯ ಕುರಿಗಾರ ಹಾಲಸಿದ್ದನ ಮಗಳು.

ಭಾಗ್ಯಾ ಹಲಗೆಯ ಮೇಲೆ ಒಂದು ಸಾಲು ಬರೆದರೆ ಸಾಕು, ಸರ್ ಕುರ್ಚಿಯಿಂದ ಜಿಗಿದೇಳುತ್ತಿದ್ದರು. “ಇದು ಎಲ್ಲಿಂದ ಬಂತು? ಕಣ್ಣ ಮುಚ್ಚಿ ಬರಿಯಾಕತ್ತೀ ಏನ? ಒರಸು, ಮದಲಿಂದ ಮಾಡು!” ಹುಡುಗಿ ಮೂಗು ಒರೆಸುತ್ತ ಹಲಗೆಯನ್ನೂ ಒರೆಸಿ ಮತ್ತೆ ಶುರುಮಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಇಬ್ಬರೂ ಕೈತುಂಬ ಸುಣ್ಣ ಮಾಡಿಕೊಂಡು ಜಗಳವಾಡುತ್ತಿದ್ದರು, ಮೇಜಿನ ಮೇಲಿನ ಚಹಾ ಆರಿಹೋಗುತ್ತಿತ್ತು.

ರೂಪಾಲಿಗೆ ಈ ಭಾಗ್ಯ ಒಂದು ದಿನವೂ ಬರಲಿಲ್ಲ. ಅವಳು ಅಧ್ಯಾಯದ ಮೇಲೆ ಅಧ್ಯಾಯ ತಂದುಕೊಟ್ಟಳು. ಸರ್ ಅಷ್ಟನ್ನೂ ವಾರದೊಳಗೆ ಮರಳಿ ಕೊಟ್ಟರು, ಎಲ್ಲೂ ಕೆಂಪು ಗೆರೆಯಿಲ್ಲ. “ಛಲೋ ಐತಿ ರೂಪಾಲಿ. ಅಗದಿ ನೀಟ್ ಐತಿ.” ಮೊದಮೊದಲು ಈ ಮಾತಿಗೆ ಅವಳು ಉಬ್ಬಿಹೋಗಿದ್ದಳು. ಭಾಗ್ಯಾ ಬಂದು ಹಲಗೆಯ ಮುಂದೆ ನಿಂತ ಮೇಲೆ ಅದೇ ಮಾತು ಮೈಗೆ ಮುಳ್ಳು ಚುಚ್ಚಿದಂತಾಗತೊಡಗಿತು. ತಾನು ಜಗಳಕ್ಕೂ ಲಾಯಕ್ಕಿಲ್ಲದವಳೇ?

ಅಂಥದ್ದರಲ್ಲಿ ಭಾಗ್ಯಾಳ ಲೆಕ್ಕದಲ್ಲಿ ಹೊಸದೇನೋ ಹೊರಬಿತ್ತು. ಒಂದು ಬಗೆಯ ಕಪ್ಪುಕುಳಿಯನ್ನು ಅಲುಗಿಸಿದರೆ ಅದು ತಣ್ಣಗಾಗುವುದೇ ಇಲ್ಲ! ಸರ್ ಕುಣಿಯುವುದೊಂದು ಬಾಕಿ. ಪುಣೆಯ ಸಮ್ಮೇಳನದಲ್ಲಿ ಭಾಗ್ಯಾ ಮಾತಾಡಬೇಕು, ಅದಕ್ಕೆ ಮುಂಚೆ ಶುಕ್ರವಾರ ವಿಭಾಗದಲ್ಲಿ ಎಲ್ಲರೆದುರು ಒಮ್ಮೆ ಹೇಳಿ ತೋರಿಸಬೇಕು ಎಂದು ಹುಕುಂ ಆಯಿತು.

ಭಾನುವಾರ ಊರಲ್ಲಿ ಮನೆಮಂದಿಯೆಲ್ಲ ಒಣದ್ರಾಕ್ಷಿ ಆರಿಸುತ್ತಿದ್ದರೆ ರೂಪಾಲಿ ಶೆಡ್ಡಿನ ಮೂಲೆಯಲ್ಲಿ ಕುಳಿತು, ಹಲಗೆಯಿಂದ ಬರೆದುಕೊಂಡು ಬಂದಿದ್ದ ಆ ಲೆಕ್ಕವನ್ನು ತನ್ನದೇ ದಾರಿಯಲ್ಲಿ ಮಾಡಿ ನೋಡಿದಳು. ಈ ವಿದ್ಯೆಯಲ್ಲಿ ಚಿಹ್ನೆ ಹಾಕುವ ಪದ್ಧತಿ ಎರಡಿವೆ: ಕಾಲಕ್ಕೆ ಮೈನಸ್ ಹಾಕುವವರು ಕೆಲವರು, ಪ್ಲಸ್ ಹಾಕುವವರು ಕೆಲವರು. ಎರಡೂ ಸರಿಯೇ. ರಸ್ತೆಯ ಎಡಕ್ಕಾದರೂ ಹೋಗಿ, ಬಲಕ್ಕಾದರೂ ಹೋಗಿ. ಎರಡನ್ನೂ ಕಲಸಿದರೆ ಮಾತ್ರ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದೇ ಬರುತ್ತದೆ. ಭಾಗ್ಯಾ ಕಲಸಿದ್ದಳು. ಒಂದು ಸೂತ್ರ ಬೇರೆ ಪದ್ಧತಿಯದು, ಅದರ ಮೈನಸ್ ತಿದ್ದಿದರೆ ಕಪ್ಪುಕುಳಿ ತಣ್ಣಗೆ ಕೂರುತ್ತದೆ, ಹೊಸದೂ ಇಲ್ಲ, ಪುಣೆಯೂ ಇಲ್ಲ.

ರೂಪಾಲಿಗೆ ಖುಷಿಯಾಯಿತು. ಮುಚ್ಚುಮರೆ ಯಾಕೆ, ಬಹಳ ಖುಷಿಯಾಯಿತು. ಒಂದು ಫೋನ್ ಮಾಡಿ ಹೇಳಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಶುಕ್ರವಾರ ಎಲ್ಲರೆದುರು ಆಗಲಿ ಎಂದು ಬಾಯಿ ಹೊಲಿದುಕೊಂಡಳು.

ಶುಕ್ರವಾರ ಭಾಗ್ಯಾ ಅರ್ಧ ಹಲಗೆ ತುಂಬಿಸುವಷ್ಟರಲ್ಲಿ ರೂಪಾಲಿ ಎದ್ದು ನಿಂತಳು. “ಆ ಸಾಲಿನಾಗ ಮೈನಸ್ ತಪ್ಪೈತ್ರಿ ಸರ್. ಎರಡೂ ಪದ್ಧತಿ ಕೂಡ್ಯಾವ.”

ಸರ್ ಹಲಗೆಯ ಹತ್ತಿರ ಹೋಗಿ ಬೆರಳಾಡಿಸುತ್ತ ಲೆಕ್ಕ ಹಾಕಿದರು. ಮುಖ ಕಪ್ಪಿಟ್ಟಿತು. “ಛಲೋ ಹಿಡದಿ,” ಎಂದು ರೂಪಾಲಿಯ ಕಡೆ ತಿರುಗದೆ ಅಂದು, ಭಾಗ್ಯಾಳ ಮೇಲೆ ಹರಿಹಾಯ್ದರು. “ಈ ಸೂತ್ರ ಎಲ್ಲಿಂದ ತಂದಿ?”

ಭಾಗ್ಯಾ ಒಮ್ಮೆ ರೂಪಾಲಿಯನ್ನು ನೋಡಿದಳು, ಆಮೇಲೆ ನೆಲ ನೋಡಿದಳು. “ನಂದ ತಪ್ಪರಿ ಸರ್. ನೋಡಲಾರದ ಹಾಕೀನ್ರಿ.”

ಅವತ್ತಿನ ಬೈಗುಳ ಕಾರಿಡಾರಿನ ಆಚೆ ತುದಿಗೂ ಕೇಳಿಸಿತು. ಪುಣೆ ರದ್ದಾಯಿತು.

ಮಂದಿ ಚದುರಿದ ಮೇಲೆ ಭಾಗ್ಯಾ ನಳದ ಕೆಳಗೆ ಸುಣ್ಣದ ಕೈ ತೊಳೆಯುತ್ತಿದ್ದಳು. ಕಣ್ಣು ಕೆಂಪಾಗಿದ್ದವು. ರೂಪಾಲಿ ದಾಟಿ ಹೋಗುವಾಗ ಅವಳೇ ಕರೆದಳು.

“ಅಕ್ಕಾ, ಆ ಸೂತ್ರ ನಿಮ್ಮ ಮೂರನೇ ಚಾಪ್ಟರದಾಗಿಂದ್ರಿ. ನಿಮ್ಮಲ್ಲೆ ಮುಂದ ಅದರ ವರ್ಗ ಮಾಡೀರಿ, ಹಿಂಗಾಗಿ ಮೈನಸ್ ಇದ್ರೂ ಗೊತ್ತಾಗೂದಿಲ್ಲ, ಪ್ಲಸ್ ಇದ್ರೂ ಗೊತ್ತಾಗೂದಿಲ್ಲ. ಸುಮ್ನ ತಿದ್ದಿಬಿಡ್ರಿ. ನಾ ಸರ್ ಮುಂದ ಹೇಳೂದಿಲ್ಲ.”

ರೂಪಾಲಿ ತಿರುಗಿ ನಿಂತಳು. “ನಂದನ್ನ ತಪಾಸ್ ಮಾಡಲಾರದ ಯಾಕ ತಗೊಂಡಿ?”

“ಸರ್ ಛಲೋ ಐತಿ ಅಂದಿದ್ರಲ್ರಿ.”

ನಾಚಿಕೆಯಿಂದ ರೂಪಾಲಿ ಕುಸಿದುಹೋಗಬೇಕಿತ್ತು ಎನ್ನುತ್ತೀರಿ. ಕುಸಿದಳು, ಇಲ್ಲವೆನ್ನುವುದಿಲ್ಲ. ಆದರೆ ಹೊಟ್ಟೆಕಿಚ್ಚು ಅಷ್ಟು ಸುಲಭಕ್ಕೆ ಆರುವ ಕಿಚ್ಚಲ್ಲ. ಈ ಹುಡುಗಿಗೆ ಬುದ್ಧಿಯೂ ಇದೆ, ಇಷ್ಟು ದೊಡ್ಡ ಮನಸ್ಸೂ ಇದೆ ಎಂದು ಅದಕ್ಕೂ ಉರಿಯಿತು. ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದಕ್ಕೆ. ತಪ್ಪು ತನ್ನದು. ಹಾಗಾದರೆ ಆ ಬೈಗುಳವೂ ತನ್ನದೇ. ಬಂದದ್ದೇ ಒಂದು, ಅದನ್ನೂ ಭಾಗ್ಯಾ ಹೊಡೆದುಕೊಂಡು ಹೋದಳಲ್ಲ!

ಸುಮ್ಮನೆ ಒಂದು ಗೆರೆ ತಿದ್ದಿ, ಡಾಕ್ಟರೇಟ್ ತೆಗೆದುಕೊಂಡು ಊರಿಗೆ ಹೋಗಬಹುದಿತ್ತು. ಅವಳು ನೆಟ್ಟಗೆ ಸರ್ ಕೋಣೆಗೆ ನುಗ್ಗಿದಳು.

“ಸರ್, ಆ ಮೈನಸ್ ನಂದ್ರಿ. ನನ್ನ ಮೂರನೇ ಚಾಪ್ಟರದಾಗ ಐತಿ. ಭಾಗ್ಯಾ ಅದನ್ನ ನಂಬಿ ತಗೊಂಡಾಳ. ಬೈಯೂದಿದ್ರ ನನ್ನ ಬೈರಿ.”

ಅವಳು ಕಾದಳು. ಸರ್ ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬಹಳ ಹೊತ್ತು ಕಣ್ಣುಜ್ಜಿಕೊಂಡರು.

“ಅದನ್ನ ನಾ ಓದಿಲ್ಲವಾ.”

“ಮೂರನೇದು?”

“ಯಾವದೂ. ಪ್ರಸ್ತಾವನೆ ನೋಡತಿದ್ದೆ, ಕಡೀಕ ಏನ್ ಬಂದೈತಿ ನೋಡತಿದ್ದೆ. ತ್ವಾಟದ ಮನಿ ಹುಡುಗಿ, ಲಗ್ನದ ಪತ್ರಿಕೆ ಮ್ಯಾಲ ಡಾಕ್ಟರ್ ಅಂತ ಹಾಕ್ಕೊಳ್ಳಾಕ ಬಂದಾಳ ಅಂತ ತಿಳಕೊಂಡಿದ್ದೆ. ತಪ್ಪು ನಂದು.”

ಬೈಗುಳ ಕೇಳಲು ಹೋದವಳ ಕೈಗೆ ಕ್ಷಮೆ ಬಂದಿತ್ತು. ಅದನ್ನಿಟ್ಟುಕೊಂಡು ಅವಳು ಏನು ಮಾಡಬೇಕು? ಇಷ್ಟು ವರ್ಷ ಅವಳು ಭಾಗ್ಯಾಳ ಜೊತೆ ಪೈಪೋಟಿಯಲ್ಲಿದ್ದೇನೆ ಎಂದುಕೊಂಡಿದ್ದಳು. ಸರ್ ಲೆಕ್ಕದಲ್ಲಿ ಅವಳು ಪೈಪೋಟಿಯಲ್ಲೇ ಇರಲಿಲ್ಲ. ಅಳು ಬರಲಿಲ್ಲ, ಸಿಟ್ಟು ಬಂತು. ಕಪಾಟಿನಿಂದ ತನ್ನ ಪ್ರಬಂಧದ ಕರಡನ್ನು ತಾನೇ ಎಳೆದು ಸರ್ ಮುಂದೆ ಇಟ್ಟಳು, ಕುರ್ಚಿ ಎಳೆದು ಎದುರಿಗೆ ಕುಳಿತಳು.

“ಮುಂದಿನ ತಿಂಗಳ ಇದು ಹೋಗೂದಿಲ್ರಿ. ಭಾಗ್ಯಾನ ಕರದು ನೀವ ಹೇಳ್ರಿ, ತಪ್ಪು ಅಕಿದಲ್ಲ ಅಂತ. ಆಮ್ಯಾಲ ಇದನ್ನ ಓದ್ರಿ ಸರ್. ನಾ ಇಲ್ಲೇ ಕುಂತಿರತೇನಿ.”