ಉಸಿರು ಕಟ್ಟಿದ ಹೊಲ

ಪ್ರವೀಣಕುಮಾರ ಪೆನ್ನು ಮುಂದೆ ಹಿಡಿದ. ಶೈಲಾ ಎರಡೂ ಕೈಗಳನ್ನು ಜೇಬಿಗೆ ಇಳಿಸಿಬಿಟ್ಟಳು. ರಾಣೆಬೆನ್ನೂರಿನ ಆ ಮಣ್ಣು ಪರೀಕ್ಷೆಯ ಲ್ಯಾಬಿಗೆ ಅವನು ಮಾಲೀಕ, ಅವಳದು ಕರಾರಿನ ನೌಕರಿ.

ಬೇಸಿಗೆಯಲ್ಲಿ ಕದರಮಂಡಲಗಿ ಹತ್ತಿರ ಡೀಸೆಲ್ ಟ್ಯಾಂಕರ್ ಮಗುಚಿ ಗದಿಗೆವ್ವನ ಮೆಣಸಿನಕಾಯಿ ಹೊಲ ಹಾಳಾಗಿತ್ತು. ಟ್ಯಾಂಕರ್ ಕಂಪನಿಯವರು ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಬೆರೆಸಿ, ಮೇಲೆ ಕೆಂಪುಮಣ್ಣು ಹೊದಿಸಿ, ರೋಲರ್ ಓಡಿಸಿ ಕೈತೊಳೆದುಕೊಂಡಿದ್ದರು. ಹೊಲ ಸ್ವಚ್ಛವಾಗಿದೆ ಎಂದು ಶೈಲಾ ಸಹಿ ಹಾಕಿದರೆ ಮುಗಿಯಿತು, ಆ ಮುದುಕಿಯ ಕಡೆ ಮತ್ತೆ ಯಾರೂ ತಿರುಗಿ ನೋಡುವವರಲ್ಲ.

"ಡಿಎನ್‌ಎ ಭರಪೂರ ಬಂದೈತಿ. ಬ್ಯಾಕ್ಟೀರಿಯಾ ಅದಾವಂತ ಆತಲ್ಲ, ಇನ್ನೇನು ಬೇಕು ನಿನಗ?"

"ಸತ್ತವುಗಳ ಡಿಎನ್‌ಎನೂ ಮಣ್ಣಾಗ ಉಳೀತೈತಿ ಸರ್. ಜೀವಂತ ಇದ್ದು ಎಣ್ಣಿ ತಿನ್ನಾಕತ್ತಾವೋ ಇಲ್ಲೋ ಅನ್ನೂದು ಆರ್‌ಎನ್‌ಎ ನೋಡಿದ್ರ ತಿಳೀತೈತಿ. ಕೆಂಪುಮಣ್ಣಿನ ತಳಗಿಂದು ತಗದು ನೋಡೇನಿ. ಆರ್‌ಎನ್‌ಎ ಏನೂ ಇಲ್ಲ."

"ಸಹಿ ಮಾಡ್ಲಿಲ್ಲಂದ್ರ ನಾಳಿಂದ ಬರಬ್ಯಾಡ."

ಶೈಲಾಗೆ ಭಯ ಆಯಿತು, ನಿಜ. ಆದರೆ ಸಿಟ್ಟು ಅದಕ್ಕಿಂತ ದೊಡ್ಡದಿತ್ತು. ಪೆನ್ನು ಕಸಿದುಕೊಂಡು ವರದಿಯ ಮೇಲೆ 'ಸ್ವಚ್ಛವಾಗಿಲ್ಲ' ಎಂದು ಬರೆದು ಸಹಿ ಹಾಕಿದಳು. ಅದರ ಫೋಟೋ ತೆಗೆದುಕೊಂಡು ಕದರಮಂಡಲಗಿಗೆ ಹೋಗಲು ಬ್ಯಾಡಗಿ ಬಸ್ಸು ಹತ್ತಿದಳು.

ಹೊಲದಲ್ಲಿ ಕಂಪನಿಯ ರುದ್ರಮುನಿ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ. ಹೊಲ ಒಪ್ಪಿಕೊಂಡೆ ಎಂದು ಗದಿಗೆವ್ವನ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬಂದಿದ್ದ.

"ಹುಳ ಅದಾವ, ಎಣ್ಣಿ ತಿಂದಾವ ಅಂತಾನಲ್ಲವ್ವಾ ಇಂವಾ?" ಎಂದು ಗದಿಗೆವ್ವ ಶೈಲಾಳನ್ನು ಕೇಳಿದಳು.

"ರೇಷನ್ ಕಾರ್ಡಿನ್ಯಾಗ ಸತ್ತವರ ಹೆಸರೂ ಇರತಾವಲ್ಲ ಯವ್ವಾ, ಹಂಗ. ಹೆಸರು ಅದಾವ, ಉಣ್ಣಾಕ ಒಬ್ಬರೂ ಇಲ್ಲ. ರೋಲರ್ ಹೊಡದು ಗಾಳಿ ಬಂದ್ ಮಾಡ್ಯಾರ, ಉಸಿರು ಕಟ್ಟಿ ಸತ್ತಾವ."

ಗದಿಗೆವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. ರಸ್ತೆಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡಿದ್ದ ತಮ್ಮನ ಮಗನನ್ನು ಕೂಗಿದಳು. "ಹುಲಿಗೇಶಾ, ನೇಗಿಲಾ ಇಳಸು!"

"ಮಣ್ಣು ಒಡದ್ರ ಕಂಪನಿ ಜವಾಬ್ದಾರಿ ಅಲ್ಲ ನೋಡ್ರಿ!" ರುದ್ರಮುನಿ ಅಡ್ಡ ನಿಂತ.

"ಇಷ್ಟು ದಿನ ಯಾರ ಜವಾಬ್ದಾರಿ ಇತ್ತೋ ಮಾರಾಯಾ? ಸರಿ ಆ ಕಡೆ!"

ಶೈಲಾಳೂ ಹೋಗಿ ಗದಿಗೆವ್ವನ ಪಕ್ಕ ನಿಂತಳು. ನೌಕರಿಯಂತೂ ಹೋಗಿತ್ತು, ಇನ್ನು ಹೆದರುವುದಕ್ಕೇನಿದೆ?

ನೇಗಿಲು ಕೆಂಪುಮಣ್ಣನ್ನು ಸೀಳಿಕೊಂಡು ಹೋಯಿತು. ಕೆಳಗಿನ ಕಪ್ಪುಮಣ್ಣು ಮಗುಚಿ ಬಿತ್ತು. ಡೀಸೆಲ್ ವಾಸನೆ ಗಪ್ಪನೆ ಮೇಲೆದ್ದಿತು. ರುದ್ರಮುನಿ ಕರ್ಚೀಫು ತೆಗೆದು ಮೂಗಿಗೆ ಒತ್ತಿಕೊಂಡ.

"ಸಾಹೇಬ್ರ, ಹೊಲ ಸ್ವಚ್ಛ ಐತಿ ಅಂದ್ರಲ್ಲ, ಮತ್ತ ಮೂಗು ಯಾಕ ಮುಚ್ಚಿಕೊಂಡ್ರಿ?" ಎಂದಳು ಗದಿಗೆವ್ವ.

ಉತ್ತರ ಕೊಡಬೇಕೆಂದರೆ ಅವನು ಕರ್ಚೀಫು ತೆಗೆಯಬೇಕಿತ್ತು. ಅದನ್ನು ಹಾಗೇ ಒತ್ತಿಕೊಂಡು, ಹೆಬ್ಬೆಟ್ಟಿಗೆ ತಂದಿದ್ದ ಕಾಗದವನ್ನು ಜೇಬಿಗೆ ತುರುಕಿಕೊಂಡ.