ಅರ್ಧ ಒರೆಸಿದ ಗಾಜು

ಚಮಚ, ಗಾಜಿನ ಲೋಟ, ಕಿಣಿ ಕಿಣಿ — ಯಾರೋ ಸಕ್ಕರೆ ಕರಗಿದ ಮೇಲೂ ಕಲಕುತ್ತಲೇ ಇದ್ದಾರೆ, ಕರಗಿತು ಕಣಪ್ಪಾ, ಕುಡಿ ಇನ್ನು, ಎಂದು ಅಕ್ಕ ಮನಸ್ಸಿನಲ್ಲೇ ಗೊಣಗಿಕೊಂಡು ಬ್ರೆಡ್ಡಿನ ಅಂಚು ಹರಿದಳು, ಅಂಚು ಗಟ್ಟಿ, ಉಳಿದಿರುವ ನಾಲ್ಕು ಹಲ್ಲಿಗೆ ಇದೊಂದು ಪರೀಕ್ಷೆ, ಗುಬ್ಬಿಗೆ ಅಂಚೇ ಇಷ್ಟ, ಬಂದವರ ತಟ್ಟೆಯಲ್ಲಿ ಉಳಿದ ಅಂಚುಗಳನ್ನೆಲ್ಲ ಏಪ್ರನ್ನಿನ ಜೇಬಿಗೆ ತುಂಬಿಕೊಂಡು ಹಿಂದಿನ ಮೆಟ್ಟಿಲ ಮೇಲೆ ಕೂತು ಕುಕ್ಕುತ್ತಿದ್ದಳು, ಅದಕ್ಕೇ ಆ ಹೆಸರು, ಒಡಹುಟ್ಟಿದ ತಂಗಿ, ಇದೇ ಹೋಟೆಲಿನಲ್ಲಿ ಅಕ್ಕನ ಜೊತೆ ರೂಮು ಗುಡಿಸುತ್ತಿದ್ದವಳು, ಮೂರನೇ ಮಹಡಿಯ ಹನ್ನೊಂದನೇ ರೂಮಿನ ಕಿಟಕಿಯಿಂದ ಬಿದ್ದು ಸತ್ತವಳು, ಈಗ ಈ ಹೋಟೆಲಿನ ದೆವ್ವ. ಬರೀ ದೆವ್ವವಲ್ಲ, ಬೋರ್ಡು ಬರೆಸಿಕೊಂಡ ದೆವ್ವ — ಕಿಟಕಿ ಹುಡುಗಿಯ ಜೊತೆ ಒಂದು ರಾತ್ರಿ — ಆ ರೂಮು ಬೇಕಾದರೆ ತಿಂಗಳುಗಟ್ಟಲೆ ಮೊದಲೇ ಹೇಳಿಡಬೇಕು, ಬದುಕಿದ್ದಾಗ ಕೂರಮ್ಮಾ ಅಂತ ಒಂದು ಕುರ್ಚಿ ತೋರಿಸಿದವರಿಲ್ಲ, ಇದ್ದಾಗ ಹುಲ್ಲುಕಡ್ಡಿ, ಸತ್ತ ಮೇಲೆ ಚಿನ್ನ. ಯಾಕಮ್ಮಾ ನಿನಗೆ ಆ ದೆವ್ವದ ಮನೆ, ಎಂದು ಮಗಳು ಕೇಳಿದ್ದಳು ಫೋನಿನಲ್ಲಿ ರೂಮು ಹಿಡಿಯುವಾಗ, ನಿನ್ನ ಚಿಕ್ಕಮ್ಮನ್ನ ಒಂದ್ಸಲ ನೋಡ್ಕೊಂಡು ಬರ್ತೀನಿ ಬಿಡೇ, ಅಂದಿದ್ದಳು ಅಕ್ಕ. ಪಕ್ಕದ ಮೇಜಿನ ಮೀಸೆಯವನು ಲೋಟ ಕಲಕುವುದು ನಿಲ್ಲಿಸಿ ಊಟದ ಮನೆಗೆಲ್ಲ ಕೇಳುವಂತೆ ಹೇಳುತ್ತಿದ್ದಾನೆ, ನಾನು ಕಣ್ಣಾರೆ ಕಂಡೆ ರೀ, ನಮ್ಮ ಹನ್ನೆರಡನೇ ರೂಮಿನ ಬಾಗಿಲಲ್ಲೇ ನಿಂತಿದ್ಲು, ಇದೇ ಮುಖ, ಇದೇ ಮೂಗು, ಅವನ ಹೆಂಡತಿ, ನೀವು ರಾತ್ರಿಯೆಲ್ಲ ಗೊರಕೆ ಹೊಡೀತಿದ್ರಿ, ನಿಮ್ಮ ಗೊರಕೆಗೆ ದೆವ್ವ ಹತ್ತಿರ ಸುಳಿಯುತ್ತಾ, ಅಂದಳು, ನಾಲ್ಕಾರು ಜನ ನಕ್ಕರು, ಮೀಸೆಯವನು ಮಾತ್ರ ನಗಲಿಲ್ಲ, ಬೆರಳು ತೋರಿಸುತ್ತಲೇ ಇದ್ದ, ಅಕ್ಕನ ತಲೆಯ ಮೇಲಿನ ಗೋಡೆಗೆ, ಅಲ್ಲಿ ಚೌಕಟ್ಟಿನೊಳಗೆ ದೊಡ್ಡದು ಮಾಡಿಸಿ ಹಾಕಿದ ಹಳೇ ಫೋಟೋ, ಬಿಳಿ ಏಪ್ರನ್ನಿನ ಹುಡುಗಿ, ಬಿಗಿದ ತುಟಿ, ನೆಟ್ಟ ನೋಟ — ಅದು ಗುಬ್ಬಿ ಅಲ್ಲ. ಅದು ಅಕ್ಕ. ಅಕ್ಕನದೇ ಹರೆಯದ ಮುಖ, ಇದೇ ಮೂಗು, ಸದ್ಯ ಅದರ ಕೆಳಗೆ ಕೂತು ಬ್ರೆಡ್ಡು ಅಗಿಯುತ್ತಿರುವ ಮೂಗು, ಮೀಸೆಯವನೇ, ಸ್ವಲ್ಪ ಕಣ್ಣು ಕೆಳಗಿಳಿಸು, ನಿನ್ನ ದೆವ್ವ ಚಹಾ ಕುಡೀತಾ ಇದೆ.

ಕೆಲಸದವರನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ತೆಗೆಸಿದ ಫೋಟೋ ಅದು, ಅಲ್ಲಾಡಬೇಡಿ ಅಂತ ಫೋಟೋದವನು ಕೂಗಿದ್ದೇ ಗುಬ್ಬಿಗೆ ನಗು, ಸುಮ್ನಿರೇ ಅಂತ ಅಕ್ಕ ಚಿವುಟಿದಷ್ಟೂ ನಗು, ಎಲ್ಲರೂ ಕಲ್ಲಿನಂತೆ ಮೂಡಿದರು, ಅವಳೊಬ್ಬಳು ಮಸುಕು. ನಿನ್ನೆ ಸಂಜೆ ಕೌಂಟರಿನಲ್ಲಿ ಬ್ಯಾಗು ಇಳಿಸುತ್ತ ಅಕ್ಕ ಮೊದಲು ಕೇಳಿದ್ದೇ ಅದನ್ನು, ಆ ಊಟದ ಮನೆ ಗೋಡೆ ಮೇಲಿರೋದು ನನ್ನ ಫೋಟೋ ಕಣಮ್ಮಾ, ನನ್ನ ತಂಗಿ ಪಕ್ಕದಲ್ಲಿದ್ಲು, ಕೌಂಟರಿನಲ್ಲಿದ್ದವಳು ಹೋಟೆಲಿನ ಈಗಿನ ಯಜಮಾನಿ, ಹಳೇ ಯಜಮಾನನ ಮೊಮ್ಮಗಳು, ಮೊಳಕಾಲು ಮುಟ್ಟುವ ಅದೇ ಉದ್ದ ಕೈ, ಅಯ್ಯೋ ಅಜ್ಜೀ, ಪಕ್ಕದಲ್ಲಿ ಯಾರೋ ಅಲ್ಲಾಡಿ ಮಸುಕಾಗಿತ್ತು, ಚೆಂದ ಕಾಣಲ್ಲ ಅಂತ ಅಷ್ಟು ಕತ್ತರಿಸಿಬಿಟ್ವಿ, ಎಂದಳು ನಗುತ್ತ, ಕೆಟ್ಟವಳಲ್ಲ, ಕೇಳದೆಯೇ ಚಹಾ ತರಿಸಿದಳು, ಹೋದ ವರ್ಷ ಒಬ್ರು ಬಂದು ನಾನೇ ಅವಳ ಪುನರ್ಜನ್ಮ ಅಂದ್ರು ಅಜ್ಜೀ, ಅವರಿಗೂ ನಾನು ಇಲ್ಲ ಅನ್ನಲಿಲ್ಲ. ಅಕ್ಕ ಬಿಡಲಿಲ್ಲ, ಇಷ್ಟು ದೂರ ಬಂದದ್ದು ಚಹಾಕ್ಕಲ್ಲ, ನಿಮ್ಮ ಬೋರ್ಡಿನಲ್ಲಿ ಬರೆದಿದ್ದು ಸುಳ್ಳು, ಅವಳು ಯಾವ ಗಿರಾಕಿಯನ್ನೂ ನಂಬಿ ಕೆಟ್ಟವಳಲ್ಲ, ಪ್ರೀತಿ ಮುರೀತು ಅಂತ ಹಾರಿದವಳೂ ಅಲ್ಲ, ಗಾಜು ಒರೆಸ್ತಾ ಕಿಟಕಿ ಕೆಳಗಿನ ಸಜ್ಜದ ಮೇಲಿಂದ ಜಾರಿದವಳು, ಆ ಒಂದು ಮಾತು ಅಲ್ಲಿ ಬರೆಸು ತಾಯೀ, ಬೇರೇನೂ ಬೇಡ. ಮೊಮ್ಮಗಳು ಕಣ್ಣರಳಿಸಿ ಕೇಳಿಸಿಕೊಂಡಳು, ನಿಜವಾಗಿ ಕೇಳಿಸಿಕೊಂಡಳು, ಆಮೇಲೆ ಅಂದಳು, ನಮ್ಮ ತಾತ ಹಾಗೆ ಹೇಳಿಲ್ವಲ್ಲ, ಅಲ್ಲದೆ ಅಜ್ಜೀ, ಗಾಜು ಒರೆಸ್ತಾ ಬಿದ್ಲು ಅಂದ್ರೆ ನೋಡೋಕೆ ಯಾರು ಬರ್ತಾರೆ ಹೇಳಿ?

ಯಾರು ಬರುತ್ತಾರೆ, ಹೌದು, ಯಾರೂ ಬರಲಿಲ್ಲ, ರಾತ್ರಿಯೆಲ್ಲ ಹನ್ನೊಂದನೇ ರೂಮಿನಲ್ಲಿ ದೀಪ ಆರಿಸಿ ಕೂತಿದ್ದಳಲ್ಲ ಅಕ್ಕ, ಸುಳ್ಳು ಅಂತ ಗೊತ್ತಿದ್ದೂ ಕೂತಿದ್ದಳು, ಬಾರೇ, ಬಂದುಬಿಡೇ ಒಂದ್ಸಲ, ಕಂಡವರಿಗೆಲ್ಲ ಕಾಣಿಸಿಕೊಳ್ತೀಯಂತೆ, ಹಣೆ ಸವರ್ತೀಯಂತೆ, ಕಾಲುಬೆರಳು ಎಳೀತೀಯಂತೆ, ನನ್ನ ಬೆರಳು ಬೇಡವಾಯ್ತಾ ನಿನಗೆ, ಒಂದೇ ಹೊದಿಕೆಯಲ್ಲಿ ಮಲಗಿ ನಿನ್ನ ತಣ್ಣನೆ ಪಾದ ನನ್ನ ಕಾಲ ಮಧ್ಯೆ ತುರುಕುತ್ತಿದ್ದವಳು ನೀನು — ನಲ್ಲಿ ತೊಟ್ಟಿಕ್ಕಿತು, ಮರದ ಬೀರು ಲಟಕ್ಕೆಂದಿತು, ಪ್ರತಿ ಸಲವೂ ಎದೆ ಹಾರಿತು, ಪ್ರತಿ ಸಲವೂ ಬರೀ ನಲ್ಲಿ, ಬರೀ ಬೀರು. ನನಗೂ ಯಾವತ್ತೂ ಕಾಣಿಸಿಲ್ಲ ದೊಡ್ಡಮ್ಮಾ, ಎಂದಿದ್ದಳು ಟವೆಲ್ ಕೊಡಲು ಬಂದ ರೂಮು ಗುಡಿಸುವಾಕೆ, ಎರಡು ಮಕ್ಕಳ ತಾಯಿ, ಗಿಡ್ಡ, ದಪ್ಪ, ಬಾಯಿ ಜೋರು, ಸಂಬಳದವರಿಗೆ ಅದು ಕಾಣಿಸಲ್ವಂತೆ, ಗಿರಾಕಿಗಳಿಗೆ ಮಾತ್ರ ಅಂತೆ, ದೆವ್ವಕ್ಕೂ ಗೊತ್ತು ನೋಡಿ ಯಾರ ಹತ್ರ ಹೋದ್ರೆ ಮರ್ಯಾದೆ ಅಂತ. ಅಕ್ಕನಿಗೆ ನಗು ಬಂದಿತ್ತು, ನಕ್ಕಿದ್ದಳು ಕೂಡ, ಆಮೇಲೆ ಕಿಟಕಿಯ ಕಡೆ ನೋಡಿದಳು, ನಗು ಅಲ್ಲೇ ಒಣಗಿತು. ಅದೇ ಕಿಟಕಿ. ಒಂದು ಬಾಗಿಲು ತೆರೆಯುತ್ತದೆ, ಪಕ್ಕದ ದೊಡ್ಡ ಗಾಜು ಚೌಕಟ್ಟಿಗೇ ಕೂರಿಸಿದ್ದು, ಅಲ್ಲಾಡುವುದಿಲ್ಲ, ಅದರ ಹೊರಮೈ ಒರೆಸಬೇಕಾದರೆ ಗೇಣಗಲದ ಸಜ್ಜದ ಮೇಲಿಳಿದು, ಒಂದು ಕೈಯಲ್ಲಿ ಚೌಕಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ಬಟ್ಟೆ. ಅವತ್ತು ಅಕ್ಕ ಪಕ್ಕದ ರೂಮಿನಲ್ಲಿ ಹಾಸಿಗೆ ಕೊಡವುತ್ತಿದ್ದಳು, ಗೋಡೆಯಾಚೆ ಬಟ್ಟೆ ಗಾಜಿಗೆ ಉಜ್ಜುವ ಸದ್ದು, ಕಿರ್ರ್ ಕಿರ್ರ್, ಜೊತೆಗೆ ಗುಬ್ಬಿಯ ಗುನುಗು, ಕಿರ್ರ್ — ಆಮೇಲೆ ಇಲ್ಲ. ಓಡಿ ಬಂದಾಗ ರೂಮು ಖಾಲಿ, ಗಾಜಿನ ತುಂಬ ಸೋಪಿನ ನೊರೆ, ಮಧ್ಯೆ ಅವಳ ಕೈ ಬೀಸಿದ್ದಷ್ಟು ದೂರ ಕಮಾನಿನ ಹಾಗೆ ಒರೆಸಿದ ಜಾಗ, ಅದರೊಳಗಿಂದ ಆಕಾಶ ಕಾಣುತ್ತಿತ್ತು, ಶುದ್ಧ ನೀಲಿ, ಅರ್ಧ ಗಾಜು ಆಕಾಶ, ಅರ್ಧ ಗಾಜು ಸೋಪು.

ಮೆಟ್ಟಿಲು ಇಳಿದದ್ದು ನೆನಪಿಲ್ಲ, ಅಂಗಳದಲ್ಲಿ ತಂಗಿಯ ತಲೆ ತೊಡೆಯ ಮೇಲಿದ್ದದ್ದು ನೆನಪಿದೆ, ಜೇಬಿನಿಂದ ಚೆಲ್ಲಿದ ಬ್ರೆಡ್ಡಿನ ಅಂಚು ನೆನಪಿದೆ, ಕತ್ತೆತ್ತಿ ನೋಡಿದಾಗ ಮೇಲೆ ಕಿಟಕಿಯಲ್ಲಿ ಯಜಮಾನ — ಜೀವಮಾನದಲ್ಲಿ ಒಂದು ಪೊರಕೆ ಮುಟ್ಟದವನು, ಅಂಗಿಯ ತೋಳು ಮಡಚಿ, ಉದ್ದ ಕೈ ಹೊರಗೆ ಚಾಚಿ, ಕರವಸ್ತ್ರದಲ್ಲಿ ಗಾಜು ಒರೆಸುತ್ತಿದ್ದ, ನೀಟಾಗಿ, ಮೂಲೆ ಮೂಲೆ ಬಿಡದೆ, ಒಂದು ಸಲವೂ ಕೆಳಗೆ ನೋಡಲಿಲ್ಲ. ಸಂಜೆ ಅಮ್ಮ ಬಂದಾಗ ಅವನ ಕಥೆ ತಯಾರಾಗಿತ್ತು, ಯಾರೋ ಗಿರಾಕಿ ಜೊತೆ ಸಲಿಗೆ ಇತ್ತಮ್ಮಾ, ಅವನು ಹೇಳದೆ ಹೋದ, ಇವಳು ಹೀಗೆ ಮಾಡ್ಕೊಂಡ್ಳು, ನಾನೇನು ಮಾಡ್ಲಿ. ಸುಳ್ಳು ಅಮ್ಮಾ, ಗಾಜು ಅರ್ಧ ಒರೆಸಿತ್ತು, ಸೋಪಿತ್ತು, ನಾನು ನೋಡಿದೀನಿ, ಎಂದು ಅಕ್ಕ ಕೈ ಹಿಡಿದು ಮೇಲೆ ಎಳೆದುಕೊಂಡು ಹೋದಳು, ಅಮ್ಮ ಏದುಸಿರು ಬಿಡುತ್ತ ಗಾಜಿನ ಮುಂದೆ ನಿಂತಳು, ಗಾಜು ಫಳಫಳ, ಅದರಲ್ಲಿ ಅಮ್ಮನದೇ ಮುಖ, ಎಲ್ಲಿದೆಯೇ ನಿನ್ನ ಸೋಪು, ಅಂದಳು ಅಮ್ಮ, ಮೆಲ್ಲಗೆ, ತಂಗಿಯ ತಪ್ಪು ಮುಚ್ಚೋಕೆ ನೀನೂ ಸುಳ್ಳು ಹೇಳ್ತೀಯಾ. ಆಮೇಲೆ ಗುಬ್ಬಿಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ಸಾಯುವಾಗಲೂ ಅಮ್ಮ ಎಲ್ಲರ ಹೆಸರು ಕರೆದಳು, ಅದೊಂದು ಬಿಟ್ಟು.

ಅದಕ್ಕೇ ಬೆಳಕು ಹರಿಯುವ ಹೊತ್ತಿಗೆ ಅಕ್ಕ ಎದ್ದದ್ದು, ತಂಗಿಯಂತೂ ಬರಲಿಲ್ಲ, ಬರುವುದೂ ಇಲ್ಲ, ಇನ್ನು ಕಾಯುವುದೇನು, ಬಚ್ಚಲಿನ ಪುಟ್ಟ ಸೋಪು ನೀರಿಗೆ ಉಜ್ಜಿ, ಊರುಗೋಲಿಗೆ ಟವೆಲ್ ಸುತ್ತಿ, ತೆರೆದ ಬಾಗಿಲಿನಿಂದ ಹೊರಗೆ ಚಾಚಿ ಗಾಜಿನ ತುಂಬ ನೊರೆ ಬಳಿದಳು, ಸೊಂಟ ಕಳಚಿ ಬಿದ್ದಂತಾಯಿತು, ಆಮೇಲೆ ಟವೆಲಿನ ಒಣ ತುದಿಯಲ್ಲಿ ಒಂದು ಕಮಾನು, ಗುಬ್ಬಿಯ ಕೈ ಬೀಸಿದಷ್ಟೇ. ಅಷ್ಟೇ. ನಿಂತು ನೋಡಿದಳು. ಎಷ್ಟು ವರ್ಷದ ಮೇಲೆ ಯಾರಿಗಾದರೂ ತೋರಿಸಲು ಒಂದು ಗಾಜು. ರೂಮು ಗುಡಿಸುವಾಕೆ ನೋಡುತ್ತಾಳೆ, ಯಜಮಾನಿಯನ್ನು ಕರೆಯುತ್ತಾಳೆ, ಯಾರು ಮಾಡಿದ್ದು ಅಂತ ಕೇಳುತ್ತಾರೆ, ನಾನೇ ಅನ್ನಬೇಕು, ಹೀಗೇ ಇತ್ತು ಅವತ್ತು, ನಿಮ್ಮ ತಾತ ಒರೆಸಿದ್ದು ಇದನ್ನೇ ಅನ್ನಬೇಕು, ಎಲ್ಲರ ಮುಂದೆ, ಬ್ರೆಡ್ಡಿನ ಜೊತೆ ಆ ಮಾತನ್ನು ಅಗಿಯುತ್ತ ಕೂತಿದ್ದಾಳೆ ಅಕ್ಕ, ಇಗೋ ಮೆಟ್ಟಿಲ ಮೇಲೆ ದಡದಡ, ಇಗೋ ಬಂದಳು ಗುಡಿಸುವಾಕೆ, ಅಮ್ಮಾವ್ರೇ, ಹನ್ನೊಂದರ ಗಾಜು, ಬನ್ನಿ ಬೇಗ — ಕುರ್ಚಿಗಳು ಕರಕರ ಸರಿದವು, ಮೀಸೆಯವನು ಎಲ್ಲರಿಗಿಂತ ಮುಂದೆ, ಫೋನುಗಳು ಮೇಲೆದ್ದವು, ಊಟದ ಮನೆಯಲ್ಲಿ ಅಕ್ಕ ಒಬ್ಬಳೇ, ತಲೆಯ ಮೇಲೆ ತನ್ನದೇ ಮುಖ. ಇಳಿದು ಬಂದಾಗ ಯಜಮಾನಿಯ ಕಣ್ಣಲ್ಲಿ ನೀರು, ನಿಜವಾದ ನೀರು, ಅಜ್ಜೀ, ಇಷ್ಟು ವರ್ಷದಲ್ಲಿ ಮೊದಲನೇ ಸಲ ಗುರುತು ಬಿಟ್ಟಿದ್ದಾಳೆ, ನಿಮ್ಮ ರೂಮಲ್ಲೇ! ಅಕ್ಕ ಎದ್ದು ನಿಂತಳು, ಅವಳಲ್ಲ ಕಣಮ್ಮಾ, ನಾನು, ನಾನೇ ಮಾಡಿದ್ದು, ಈ ಕೋಲಲ್ಲಿ, ಕೋಲು ಎತ್ತಿ ತೋರಿಸಿದಳು, ತುದಿ ಇನ್ನೂ ಒದ್ದೆ, ಮೀಸೆಯವನು ಉಸಿರೆಳೆದುಕೊಂಡು ಅಂದ, ನೋಡಿದ್ರಾ, ಈ ಅಮ್ಮನ ಮೈಮೇಲೆ ಬಂದು ಮಾಡಿಸಿದ್ದಾಳೆ! ಹೌದಲ್ವಾ, ಅಂದರು ಯಾರೋ, ರೋಮ ನಿಂತಿತು ನೋಡಿ, ಅಂದರು ಇನ್ಯಾರೋ, ಅವನ ಹೆಂಡತಿ ಕೂಡ ಈ ಸಲ ನಗಲಿಲ್ಲ, ಅಕ್ಕನ ಫೋಟೋ ತೆಗೆದುಕೊಂಡರು, ಗೋಡೆಯ ಫೋಟೋ ಸೇರಿಸಿ.

ಕೋಣನ ಮುಂದೆ ಕಿನ್ನರಿ, ಬಾ ಮನೆಗೆ ಹೋಗೋಣ, ಎಂದು ತನಗೆ ತಾನೇ ಹೇಳಿಕೊಂಡು ಬ್ಯಾಗು ಎತ್ತಿಕೊಂಡು ಅಂಗಳಕ್ಕಿಳಿದಳು, ಬಿಸಿಲು ಕಣ್ಣಿಗೆ ಹೊಡೆಯಿತು, ಹಿಂದಿನಿಂದ, ಮೇಲೆ ರೂಮಿನಲ್ಲಿದ್ದ ಗುಡಿಸುವಾಕೆಗೆ ಕೂಗಿ ಹೇಳುವ ಯಜಮಾನಿಯ ದನಿ, ಫೋಟೋ ತೆಗೆದಾಯ್ತಲ್ಲ, ಮಧ್ಯಾಹ್ನಕ್ಕೆ ಬೇರೆಯವರು ಬರ್ತಾರೆ, ಒರೆಸಿಬಿಡು ಅದನ್ನ, ನೀಟಾಗಿ, ಮೂಲೆ ಮೂಲೆ ಬಿಡದೆ — ಉದ್ದ ಕೈಯವರಿಗೆ ಒಳಗಿನಿಂದಲೇ ಎಟುಕುತ್ತದೆ, ಗಿಡ್ಡ ಕೈಯವರಿಗೆ, ಅಯ್ಯೋ, ಗಿಡ್ಡ ಕೈಯವರಿಗೆ — ಕಿರ್ರ್. ಅಕ್ಕ ಕತ್ತೆತ್ತಿದಳು. ಸಜ್ಜದ ಮೇಲೆ ಗುಡಿಸುವಾಕೆ, ದಪ್ಪ ಪಾದದ ಹಿಮ್ಮಡಿ ಅಂಚಿನಿಂದಾಚೆಗೆ, ಒಂದು ಕೈ ಚೌಕಟ್ಟಿನಲ್ಲಿ, ಒಂದು ಕೈಯಲ್ಲಿ ಬಟ್ಟೆ. ಇಳಿಯೇ, ಒಳಗೆ ಹೋಗೇ ನಮ್ಮವ್ವಾ, ಬೇಡ ಕಣೇ, ನಾನು ಬಳಿದಿದ್ದು ಅದು, ಇರಲಿ ಬಿಡೇ, ಅಕ್ಕನ ಗಂಟಲು ಸೀಳಿತು, ಆಕೆ ತಿರುಗಿ ನೋಡಿ ನಕ್ಕಳು, ಏನಾಗಲ್ಲ ಬಿಡಿ ದೊಡ್ಡಮ್ಮಾ, ದಿನಾ ಹತ್ತೋದೇ. ದಿನಾ. ಬ್ಯಾಗು ಎಲ್ಲಿ ಬಿತ್ತೋ, ಕೋಲು ಎಲ್ಲಿ ಬಿತ್ತೋ, ಎರಡೂ ಕೈ ಮೇಲಕ್ಕೆ ಚಾಚಿ ಅದೇ ಜಾಗದಲ್ಲಿ, ಅವತ್ತು ಬ್ರೆಡ್ಡಿನ ಅಂಚು ಚೆಲ್ಲಿದ ಜಾಗದಲ್ಲಿ ನಿಂತಿದ್ದಾಳೆ ಅಕ್ಕ, ಈ ಮುದಿ ಕೈ ಏನನ್ನು ಹಿಡಿದೀತು, ಆದರೂ ಇಳಿಸಲಾರಳು, ಮುಗಿಯಲಿ, ಬೇಗ ಮುಗಿಯಲಿ, ಕಿರ್ರ್, ಕಿರ್ರ್, ಅರ್ಧ ಗಾಜು ಆಕಾಶ, ಕಿರ್ರ್, ಅರ್ಧ ಗಾಜು ಸೋಪು, ಅರ್ಧ ಗಾಜು —