ಅಂಜಿದವನ ಆಮೆನ್

"ನಿಮ್ಮ ಮನೇಲಿ ಗಂಡಸು ಹುಟ್ಟಲೇ ಇಲ್ವೇನೋ?"

ನಮ್ಮ ಸೋದರಮಾವ ಅಬೀದಾನ ನನ್ನನ್ನು ಹೀಗೆ ಕೇಳಿದ್ದು, ಯುದ್ಧಕ್ಕೆ ಹೊರಟು ನಿಂತಿದ್ದ ಮೂರು ಕುಲದವರ ಎದುರಿಗೆ. ಆವತ್ತು ನಕ್ಕವರ ಹಲ್ಲುಗಳು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿವೆ.

ಆದದ್ದಿಷ್ಟೇ. ಕಾದಾಟಕ್ಕೆ ಮುಂಚೆ "ಅಂಜುವವನು ಮನೆಗೆ ಹಿಂದಿರುಗಲಿ" ಎಂದು ಕೂಗಿ ಹೇಳುವುದು ನಮ್ಮ ಇಸ್ರಾಯೇಲ್ಯರ ಕಟ್ಟಳೆ. ಮಾನ ಹೋದೀತೆಂದು ಯಾರೂ ಕದಲುವುದಿಲ್ಲ. ನನ್ನ ಅಣ್ಣ ಎಲ್ಯಾದ ಕದಲಿದ. "ನಂಗೆ ಭಯ ಆಗ್ತಿದೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ತನ್ನ ಈಟಿಯನ್ನು ನನ್ನ ಕೈಗಿತ್ತು ಹೊರಟುಬಿಟ್ಟ.

ಮಾವ ನಮ್ಮ ತಾಯಿಯ ತಮ್ಮ, ಗಾದ ಕುಲದ ಮುಂದಾಳು. "ಇನ್ಮೇಲೆ ಅವ್ನು ಕೂಟದ ಪ್ರಾರ್ಥನೆಗೆ ಬರೋ ಹಾಗಿಲ್ಲ. ದೇವರನ್ನ ನಂಬದೋನ ಆಮೆನ್ ನಮಗೆ ಬೇಡ" ಎಂದರು. ಕೂಟದಿಂದ ಹೊರಗಾದವನಿಗೆ ನಮ್ಮಲ್ಲಿ ಹೆಣ್ಣಿಲ್ಲ, ಹುಲ್ಲುಗಾವಲಿಲ್ಲ. ಸತ್ತರೆ ಹೊರುವವರೂ ಇಲ್ಲ. ನನ್ನ ಮೈಯೆಲ್ಲ ಉರಿಯಿತು. ಆದರೆ ದೇವರ ಕಟ್ಟಳೆ ಕಲಿಸುವ ಲೇವಿಯರ ಬಳಿ ಪಾಠ ಅರ್ಧಕ್ಕೇ ಬಿಟ್ಟು ಕುರಿಗಳ ಹಿಂದೆ ಹೋದವನು ನಾನು. ಶಾಸ್ತ್ರ ಎತ್ತಿ ವಾದಿಸಲು ನನಗೆಲ್ಲಿ ಬರುತ್ತಿತ್ತು?

ಮಧ್ಯಾಹ್ನದ ಹೊತ್ತಿಗೆ ವೈರಿಗಳು ನಮ್ಮನ್ನು ನಾಲ್ಕೂ ಕಡೆಯಿಂದ ಮುತ್ತಿದರು. ಧೂಳಿನಲ್ಲಿ ಯಾರಿಗೆ ಯಾರೂ ಕಾಣದಾದರು. ಆಗ ಮೂರು ಕುಲಗಳೂ ಒಟ್ಟಾಗಿ ದೇವರಿಗೆ ಮೊರೆಯಿಟ್ಟವು. ಕಲಿತ ಪ್ರಾರ್ಥನೆ ಯಾರ ಬಾಯಲ್ಲೂ ಇರಲಿಲ್ಲ. ನನ್ನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದ ಮಾವ ಮಗುವಿನಂತೆ ಕೂಗುತ್ತಿದ್ದರು: "ದೇವ್ರೇ, ಭಯ ಆಗ್ತಿದೆ, ಕೈ ಬಿಡಬೇಡ!"

ಅಷ್ಟು ನಿಜವಾದ ಪ್ರಾರ್ಥನೆಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ದೇವರು ಕೇಳಿಸಿಕೊಂಡ. ನಾವು ಗೆದ್ದೆವು.

ಊರಿಗೆ ಮರಳಿದ ಮೇಲೆ ಸ್ತೋತ್ರದ ಕೂಟ ನೆರೆಯಿತು. ಅಣ್ಣ ಕಲ್ಲುಗೋಡೆಯ ಆಚೆ ಒಬ್ಬನೇ ನಿಂತಿದ್ದ. ಮಾವ ಮುಂದಾಳುತನದ ಕೋಲು ಹಿಡಿದೇ ಎರಡೂ ಕೈ ಎತ್ತಿ, "ಅಂಜದೆ ನಂಬಿದೋರಿಗೆ ದೇವರು ಜಯ ಕೊಟ್ಟ" ಎಂದರು.

ನನ್ನಿಂದ ತಡೆದುಕೊಳ್ಳಲಾಗಲಿಲ್ಲ. "ಮಾವ, ಧೂಳೊಳಗೆ ನೀವು ಏನಂತ ಕೂಗಿದ್ರಿ? ನಂಗೆ ಕೇಳಿಸ್ತು. ಇವರಿಗೂ ಹೇಳಿ. ಅಣ್ಣ ಹೇಳಿದ್ದೂ ಅದೇ ಮಾತಲ್ವಾ?"

"ಲೇ, ಹಿರಿಯರ ಮುಂದೆ ಬಾಯ್ಮುಚ್ಚೋ!" ಎಂದು ಯಾರೋ ಗದರಿದರು.

ಮಾವ ಎತ್ತಿದ ಕೈಗಳನ್ನು ಇಳಿಸಿದರು. ಇನ್ನೊಂದು ಬೈಗುಳ ಬರುತ್ತದೆಂದು ಕಾದೆ. ಬಂದರೆ ತಿರುಗಿ ಕೊಡಲು ನಾಲಿಗೆ ಮಸೆದುಕೊಂಡೇ ಇದ್ದೆ. ಬರಲಿಲ್ಲ. ಕೋಲನ್ನು ಮೆಲ್ಲಗೆ ನೆಲಕ್ಕೆ ಮಲಗಿಸಿ, ಮಾವ ಜನರ ನಡುವೆ ದಾರಿ ಮಾಡಿಕೊಂಡು ಗೋಡೆಯ ಆಚೆಗೆ ನಡೆದು, ಅಣ್ಣನ ಪಕ್ಕದಲ್ಲಿ ನಿಂತರು.